ಹಳೇ ಹೋಮ್ ಕಂಪ್ಯೂಟರ್ ಗೇಮ್‌ಗಳ ಕಾಪಿ ಪ್ರೊಟೆಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಮ್ಯುಲೇಟರ್ (ಹಳೇ ಕಂಪ್ಯೂಟರ್‌ನಂತೆ ನಟಿಸುವ ಪ್ರೋಗ್ರಾಮ್) ಹಾಕಿಕೊಂಡು 1980ರ ದಶಕದ ಗೇಮ್ ಆಡಲು ಹೊರಟವರು ಬೇಗನೇ ಒಂದು ಕಡೆ ತಟ್ಟನೆ ನಿಲ್ಲುತ್ತಾರೆ. ಪರದೆಯ ಮೇಲೆ ಯಾವುದೋ ಬಣ್ಣದ ಕೋಡ್ ಕೇಳುತ್ತದೆ, ಇಲ್ಲಾಂದ್ರೆ ಲೋಡ್ ಆಗುತ್ತಾ ಆಗುತ್ತಾ ಕೈ ಕೊಡುತ್ತದೆ. ಇದಕ್ಕೆ ಕಾರಣ ಕಾಪಿ ಪ್ರೊಟೆಕ್ಷನ್, ಅಂದರೆ ಗೇಮನ್ನು ನಕಲು ಮಾಡದ ಹಾಗೆ ಕಂಪನಿಗಳು ಹಾಕಿದ ಬೀಗ. ಅಂಥವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಹೆಚ್ಚಿನ ಉದಾಹರಣೆ ಬ್ರಿಟನ್ನಿನ ಝಡ್‌ಎಕ್ಸ್ ಸ್ಪೆಕ್ಟ್ರಮ್, ಅಮೆರಿಕದ ಕಮೋಡೋರ್ 64 ಮತ್ತು ಆಪಲ್ 2ರಿಂದ ಬಂದಿವೆ, ಯಾಕೆಂದರೆ ಈ ಕಳ್ಳ-ಪೊಲೀಸ್ ಆಟ ಅಲ್ಲೇ ಜೋರಾಗಿ ನಡೆದದ್ದು.

ಕಾಪಿ ಪ್ರೊಟೆಕ್ಷನ್ ಅಂದರೆ ನಿಜಕ್ಕೂ ಏನು? ಪಾಸ್‌ವರ್ಡ್ ತರಹವಾ?

ಕೆಲವು ಸಲ ಹೌದು, ಜಾಸ್ತಿ ಸಲ ಅಲ್ಲ. ನೂರಾರು ಹೆಸರಿನ ಪ್ರೊಟೆಕ್ಷನ್‌ಗಳು ಬಂದು ಹೋದವು, ಆದರೆ ಬಿಚ್ಚಿ ನೋಡಿದರೆ ಒಳಗೆ ಇರುವುದು ಎರಡೇ ಉಪಾಯ. ಒಂದು, ನಿಮ್ಮ ಮನೆಯ ಯಂತ್ರ ಓದಬಲ್ಲದು ಆದರೆ ಬರೆಯಲಾರದು ಅನ್ನುವಂಥ ಗುರುತನ್ನು ಕ್ಯಾಸೆಟ್ ಅಥವಾ ಫ್ಲಾಪಿಯಲ್ಲಿ ಇಡುವುದು. ಇನ್ನೊಂದು, ಕ್ಯಾಸೆಟ್‌ನಲ್ಲಿ ಇಲ್ಲದೇ ಇರುವ, ಪೆಟ್ಟಿಗೆಯೊಳಗೆ ಮಾತ್ರ ಸಿಗುವ ವಸ್ತುವನ್ನು ತೋರಿಸು ಅಂತ ಕೇಳುವುದು. ಕೆಳಗೆ ಓದುತ್ತಾ ಹೋಗುವಾಗ ಯಾವುದು ಯಾವ ಗುಂಪಿಗೆ ಸೇರುತ್ತದೆ ಅಂತ ನೋಡಿಕೊಳ್ಳಿ, ಅರ್ಧ ಗೋಜಲು ತಾನಾಗಿ ಬಿಡುತ್ತದೆ.

ಹಾಡಿನ ಕ್ಯಾಸೆಟ್‌ನಲ್ಲಿ ಗೇಮ್ ಇರೋದು ಹೇಗೆ?

ಸದ್ದಾಗಿಯೇ ಇರುತ್ತದೆ. 1982ರಲ್ಲಿ ಬಂದ ಸ್ಪೆಕ್ಟ್ರಮ್‌ನಲ್ಲಿ 0 ಅನ್ನುವ ಬಿಟ್‌ಗೆ ಸುಮಾರು ಅರ್ಧ ಮಿಲಿಸೆಕೆಂಡಿನ ಒಂದು ಅಲೆ, 1ಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಮೊದಲು ಒಂದೇ ಸಮನೆ ಕೂಗುವ ಸಿಳ್ಳೆ, ಆಗ ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆ. ಆಮೇಲೆ ಗೊರಗೊರ ಸದ್ದು, ನೀಲಿ ಮತ್ತು ಹಳದಿ ಪಟ್ಟೆ. ಸರಾಸರಿ ಸೆಕೆಂಡಿಗೆ 1500 ಬಿಟ್. 48 ಕೆ (ಕಿಲೋಬೈಟ್) ಮೆಮೊರಿ ತುಂಬುವ ಗೇಮ್ ಬರಲು ನಾಲ್ಕೈದು ನಿಮಿಷ ಬೇಕು, ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ.

ಹಾಗಾದರೆ ಎರಡು ಡೆಕ್ಕಿನ ಟೇಪ್ ರೆಕಾರ್ಡರ್ ಇದ್ದರೆ ಮುಗೀತಲ್ವಾ?

ಮುಗೀತು. ನಮ್ಮಲ್ಲಿ ಖಾಲಿ ಕ್ಯಾಸೆಟ್ ಮತ್ತು ಹಾಡಿನ ಪಟ್ಟಿ ಕೊಟ್ಟು ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿಕೊಂಡು ಬರುತ್ತಿದ್ದ ಹಾಗೆಯೇ, ಅಲ್ಲಿ ಶಾಲೆಯ ಹುಡುಗರು ಗೇಮ್ ಕ್ಯಾಸೆಟ್‌ಗಳನ್ನು ಒಬ್ಬರಿಂದ ಒಬ್ಬರು ತುಂಬಿಸಿಕೊಳ್ಳುತ್ತಿದ್ದರು. ಬ್ರಿಟನ್ನಿನಲ್ಲಿ ಆಮ್‌ಸ್ಟ್ರಾಡ್ ಕಂಪನಿ ಎರಡರಷ್ಟು ವೇಗದಲ್ಲಿ ಕಾಪಿ ಮಾಡುವ ಜೋಡಿ ಡೆಕ್ಕನ್ನೇ ಮಾರುತ್ತಿತ್ತು. ಹಾಡಿನ ಕಂಪನಿಗಳು ಕೋರ್ಟಿಗೆ ಹೋದವು. 1988ರಲ್ಲಿ, ಆಗ ಅಲ್ಲಿನ ಕಡೇ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪು ಆಮ್‌ಸ್ಟ್ರಾಡ್ ಪರವಾಗಿತ್ತು: ಯಂತ್ರದಿಂದ ತಪ್ಪು ಕೆಲಸ ಮಾಡಬಹುದು ಅಂದ ಮಾತ್ರಕ್ಕೆ ಮಾರಿದವರು ಆ ತಪ್ಪಿಗೆ ಅಪ್ಪಣೆ ಕೊಟ್ಟ ಹಾಗಲ್ಲ.

ಆದರೆ ಸದ್ದನ್ನು ಸದ್ದಾಗಿ ಕಾಪಿ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಸೊರಗುತ್ತದೆ. ಕಾಪಿಯ ಕಾಪಿಯ ಕಾಪಿ ಹಾಡಾದರೆ ಕೇಳಬಹುದು, ಗೇಮ್ ಆದರೆ ಲೋಡ್ ಆಗುವುದಿಲ್ಲ, ಒಂದೇ ಒಂದು ಬಿಟ್ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ. ಕಂಪನಿಗಳು ಹಿಡಿದುಕೊಂಡದ್ದು ಈ ಎಳೆಯನ್ನೇ.

ಸ್ಪೀಡ್‌ಲಾಕ್ ಅಂತ ಎಲ್ಲಾ ಕಡೆ ಹೆಸರು ಕೇಳುತ್ತೇನೆ. ಅದೇನು?

ಸ್ಪೆಕ್ಟ್ರಮ್‌ನ ರೋಮ್ ಒಳಗೆ, ಅಂದರೆ ಫ್ಯಾಕ್ಟರಿಯಲ್ಲೇ ತುಂಬಿಟ್ಟ ಕಾಯಂ ಮೆಮೊರಿಯಲ್ಲಿ, ಟೇಪ್ ಓದುವ ಒಂದು ಪುಟ್ಟ ಪ್ರೋಗ್ರಾಮ್ ಇತ್ತು. ಎಲ್ಲಾ ಗೇಮ್‌ಗಳೂ ಅದನ್ನೇ ಬಳಸಿದರೆ ಎಲ್ಲಾ ಕಾಪಿ ಪ್ರೋಗ್ರಾಮ್‌ಗಳಿಗೂ ಸುಲಭ. ಅದಕ್ಕೇ ಸ್ಪೀಡ್‌ಲಾಕ್‌ನವರು ತಮ್ಮದೇ ಲೋಡರ್, ಅಂದರೆ ಟೇಪ್ ಓದಿ ಗೇಮ್ ತುಂಬುವ ಪ್ರೋಗ್ರಾಮ್, ಬರೆದರು. ಅಲೆಗಳನ್ನು ಗಿಡ್ಡ ಮಾಡಿದರು, ಆದ್ದರಿಂದ ಗೇಮ್ ಬೇಗ ಬರುತ್ತದೆ, ಜೊತೆಗೆ ಟೇಪಿನಿಂದ ಟೇಪಿಗೆ ಕಾಪಿ ಮಾಡಿದಾಗ ಆ ಗಿಡ್ಡ ಅಲೆಗಳು ಬೇಗ ಕಲಸಿಹೋಗುತ್ತವೆ. ಸಿಳ್ಳೆಯ ನಡುವೆ ಟಕ್ ಟಕ್ ಅಂತ ತುಂಡಾಗುವ ಸದ್ದು ಇದರ ಗುರುತು. 1984ರ ಡೇಲಿ ಥಾಂಪ್ಸನ್ಸ್ ಡೆಕಥ್ಲಾನ್ ಹಾಕಿದವರಿಗೆ ಆ ಸದ್ದು ಇವತ್ತಿಗೂ ನೆನಪಿರುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇದರ ಇನ್ನೊಂದು ಭಾಗ. ಲೋಡರ್‌ನ ಕೋಡನ್ನೇ ಗುಪ್ತ ಮಾಡಿ ಇಟ್ಟಿರುತ್ತಾರೆ, ಅದನ್ನು ಬಿಡಿಸುವ ಕೀಲಿ ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರ್‌ನ ಆರ್ ಅನ್ನುವ ರಿಜಿಸ್ಟರ್. ಮೆಮೊರಿಯನ್ನು ಆಗಾಗ ತಾಜಾ ಮಾಡಲು ಇರುವ ಸಣ್ಣ ಎಣಿಕೆ ಅದು, ಪ್ರತಿ ಆಜ್ಞೆಗೂ ತಾನಾಗಿ ಏರುತ್ತದೆ. ಅಂದರೆ ಈ ಕ್ಷಣದವರೆಗೆ ಎಷ್ಟು ಆಜ್ಞೆ ನಡೆದಿದೆ ಅನ್ನುವುದೇ ಕೀಲಿ. ನೀವು ಒಳಗೆ ಏನಾಗುತ್ತಿದೆ ಅಂತ ನೋಡಲು ನಿಮ್ಮದೊಂದು ಆಜ್ಞೆ ತುರುಕಿದಿರೋ, ಎಣಿಕೆ ತಪ್ಪಿತು, ಬಿಡಿಸಿದ್ದೆಲ್ಲಾ ಕಸ. ಇಣುಕಿದ್ದೇ ತಡ ಕೆಡುವ ಬೀಗ. ಬರೆದವರ ತಲೆಗೆ ಒಂದು ಸಲಾಂ.

ಇನ್ನೊಂದು ಸರಳ ಉಪಾಯವೂ ಇತ್ತು. ಗೇಮನ್ನು 48 ಕೆ ಪೂರ್ತಿ ಆವರಿಸುವ ಒಂದೇ ಉದ್ದ ತುಂಡಾಗಿ ಇಡುವುದು. ಕಾಪಿ ಮಾಡುವ ಪ್ರೋಗ್ರಾಮ್‌ಗೂ ಮೆಮೊರಿಯಲ್ಲಿ ಕೂರಲು ಜಾಗ ಬೇಕಲ್ವಾ? ಇಡೀ ಮನೆ ನೆಂಟರೇ ತುಂಬಿಕೊಂಡರೆ ಮನೆಯವರು ಎಲ್ಲಿ ಮಲಗಬೇಕು?

ಜೆಟ್ ಸೆಟ್ ವಿಲ್ಲಿ ಬಣ್ಣದ ಕೋಡ್ ಕೇಳುತ್ತದೆ, ಏನು ಕೊಡಬೇಕು?

ಇದು ಎರಡನೇ ಗುಂಪಿನದು. 1984ರಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಹೊರತಂದ, ಮ್ಯಾಥ್ಯೂ ಸ್ಮಿತ್ ಬರೆದ ಈ ಗೇಮಿನ ಜೊತೆ ಒಂದು ಕಾರ್ಡ್ ಬರುತ್ತಿತ್ತು. ಅದರಲ್ಲಿ 180 ಚೌಕ, ಒಂದೊಂದರಲ್ಲೂ ನಾಲ್ಕು ಬಣ್ಣದ ಸಾಲು. ಗೇಮ್ ಒಂದು ಚೌಕದ ಹೆಸರು ಹೇಳುತ್ತದೆ, ನೀವು ಆ ನಾಲ್ಕು ಬಣ್ಣ ಒತ್ತಬೇಕು. ಎರಡು ಸಲ ತಪ್ಪಿದರೆ ಕಂಪ್ಯೂಟರ್ ರೀಸೆಟ್, ಮತ್ತೆ ಮೊದಲಿನಿಂದ ಟೇಪ್ ಓಡಿಸಿ.

ಬಣ್ಣ ಯಾಕೆ ಅಂದರೆ, ಆಗಿನ ಜೆರಾಕ್ಸ್ ಬರೀ ಕಪ್ಪು-ಬಿಳುಪು. ಕಲರ್ ಜೆರಾಕ್ಸ್ ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಹುಡುಗರೇನು ಸುಮ್ನೆ ಕೂರುತ್ತಾರಾ? ಚೌಕದ ಹಾಳೆ ಹಾಕಿಕೊಂಡು ಬಣ್ಣದ ಪೆನ್ಸಿಲ್ ಹಿಡಿದು ಕೂತು 180 ಚೌಕ ತುಂಬಿದರು. ಬಣ್ಣ ಗುರುತಿಸಲು ಕಷ್ಟ ಇರುವ ಗಿರಾಕಿಗಳ ಗತಿ, ಕಪ್ಪು-ಬಿಳುಪು ಟಿವಿಯಲ್ಲಿ ಆಡುವವರ ಗತಿ ಯೋಚಿಸಿ. ದುಡ್ಡು ಕೊಟ್ಟವರಿಗೇ ಪೇಚಾಟ.

ಎಮ್ಯುಲೇಟರ್‌ನಲ್ಲಿ ಆಡುವವರಿಗೆ ಉತ್ತರ: ಆ ಕಾರ್ಡಿನ ಸ್ಕ್ಯಾನ್ ಹುಡುಕಿಟ್ಟುಕೊಳ್ಳಿ.

ಲೆನ್ಸ್‌ಲಾಕ್ ಅಂದರೆ ಭೂತಗನ್ನಡಿ ಇದ್ದ ಹಾಗಾ?

ನೋಡಲು ಹಾಗೇ, ಕಾಟದಲ್ಲಿ ಅದಕ್ಕಿಂತ ಜಾಸ್ತಿ. ಮಡಚುವ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಉದ್ದುದ್ದ ಪಟ್ಟಿಗಳಂತೆ ಸಣ್ಣ ಪ್ರಿಸಂಗಳು. ಗೇಮ್ ಎರಡು ಅಕ್ಷರಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅದಲು ಬದಲು ಮಾಡಿ ಪರದೆಯ ಮೇಲೆ ಹಾಕುತ್ತದೆ. ಈ ಲೆನ್ಸನ್ನು ಟಿವಿಗೆ ಒತ್ತಿ ಹಿಡಿದು ನೋಡಿದರೆ ಪಟ್ಟಿಗಳು ಮತ್ತೆ ಜಾಗಕ್ಕೆ ಬಂದು ಅಕ್ಷರ ಕಾಣಬೇಕು. ಸ್ಪೆಕ್ಟ್ರಮ್‌ನ ಎಲೀಟ್ ಗೇಮ್ 1985ರಲ್ಲಿ ಫೈರ್‌ಬರ್ಡ್ ಕಂಪನಿಯಿಂದ ಬಂದದ್ದು ಇದರ ಜೊತೆಗೇ.

ಕಾಣಬೇಕು ಅಂದೆ, ಕಾಣುತ್ತದೆ ಅನ್ನಲಿಲ್ಲ. ಒಬ್ಬೊಬ್ಬರ ಮನೆಯ ಟಿವಿ ಒಂದೊಂದು ಅಳತೆ. ಅದಕ್ಕೇ ಮೊದಲು ಕೀ ಒತ್ತಿ ಒತ್ತಿ ಪರದೆಯ ಮೇಲಿನ ಚಿತ್ರವನ್ನು ಲೆನ್ಸಿನ ಅಗಲಕ್ಕೆ ಹೊಂದಿಸಬೇಕು. ಟಿವಿ ತೀರಾ ದೊಡ್ಡದಾದರೂ ಆಗಲ್ಲ, ತೀರಾ ಚಿಕ್ಕದಾದರೂ ಆಗಲ್ಲ. ಒಂದು ಕಣ್ಣು ಮುಚ್ಚಿ, ಮೂಗು ಪರದೆಗೆ ತಾಗಿಸಿಕೊಂಡು, ಮೂರು ಸಲದೊಳಗೆ ಹೇಳಬೇಕು. ಇದರ ಮೇಲೆ, ಗೇಮಿಗೆ ಗೇಮಿಗೆ ಲೆನ್ಸ್ ಬೇರೆ ಬೇರೆ, ಎಲೀಟ್‌ನ ಕೆಲವು ಪೆಟ್ಟಿಗೆಗಳಲ್ಲಿ ಬೇರೆ ಗೇಮಿನ ಲೆನ್ಸ್ ಹೋಗಿಬಿಟ್ಟಿತ್ತು! ಈಗ ಕಂಪ್ಯೂಟರ್‌ನಲ್ಲೇ ಆ ಪಟ್ಟಿಗಳನ್ನು ಜೋಡಿಸಿ ತೋರಿಸುವ ಲೆನ್ಸ್‌ಕೀ ಅನ್ನುವ ಪ್ರೋಗ್ರಾಮ್ ಇದೆ, ಕಣ್ಣಿಗೆ ಶಿಕ್ಷೆ ಇಲ್ಲ.

ಕಮೋಡೋರ್ ಡಿಸ್ಕ್ ಡ್ರೈವ್ ಟಕಟಕಟಕ ಅಂತ ಬಡಿದುಕೊಳ್ಳುತ್ತದೆ. ಹಾಳಾಗಿದೆಯಾ?

ಇರಲಿಕ್ಕಿಲ್ಲ. ಆದರೆ ಹಾಗೇ ಬಿಟ್ಟರೆ ಆಗಬಹುದು. 1541 ಡ್ರೈವ್ ಒಳಗೆ ತನ್ನದೇ ಪ್ರೊಸೆಸರ್, ತನ್ನದೇ 2 ಕೆ ಮೆಮೊರಿ ಇರುವ ಒಂದು ಪುಟ್ಟ ಕಂಪ್ಯೂಟರ್. ಒಂದು ಡಿಸ್ಕಿನಲ್ಲಿ 35 ಟ್ರ್ಯಾಕ್ (ಡೇಟಾ ಬರೆಯುವ ವೃತ್ತ), ಅವುಗಳಲ್ಲಿ 683 ಬ್ಲಾಕ್ (ವೃತ್ತದ ತುಂಡು), ಸುಮಾರು 170 ಕೆ. ಆದರೆ ಮೊದಲನೇ ಟ್ರ್ಯಾಕ್ ಎಲ್ಲಿದೆ ಅಂತ ಹೇಳುವ ಸೆನ್ಸರ್ ಇಲ್ಲ. ಓದುವಾಗ ತಪ್ಪು ಸಿಕ್ಕರೆ ಹೆಡ್ಡನ್ನು ಹಿಂದಕ್ಕೆ ತಳ್ಳಿ ತಳ್ಳಿ ತಡೆಗೆ ಬಡಿಸಿ, ಸರಿ, ಈಗ ಮೊದಲಿಗೆ ಬಂದೆ ಅಂದುಕೊಳ್ಳುತ್ತದೆ. ಕತ್ತಲಲ್ಲಿ ಗೋಡೆ ತಡವರಿಸುತ್ತಾ ಹೋಗಿ ಹಣೆ ಚಚ್ಚಿಕೊಂಡ ಮೇಲೆ ಗೋಡೆ ಸಿಕ್ಕಿತು ಅಂದ ಹಾಗೆ.

ಈಗ ಪ್ರೊಟೆಕ್ಷನ್ ಬರೆಯುವವರು ಏನು ಮಾಡಿದರು ಅಂದರೆ, ಫ್ಯಾಕ್ಟರಿಯಲ್ಲೇ ಡಿಸ್ಕಿನ ಒಂದು ಜಾಗದಲ್ಲಿ ಬೇಕೆಂದೇ ತಪ್ಪು ಬರೆದಿಟ್ಟರು. ಸಾಮಾನ್ಯ ಕಾಪಿ ಪ್ರೋಗ್ರಾಮ್ ತಪ್ಪನ್ನು ಕಾಪಿ ಮಾಡುವುದಿಲ್ಲ, ಆ ಜಾಗವನ್ನು ಸರಿಯಾಗೇ ಬರೆದುಬಿಡುತ್ತದೆ. ಗೇಮ್ ಹೋಗಿ ಅಲ್ಲಿ ಓದುತ್ತದೆ: ತಪ್ಪು ಬಂದರೆ ಅಸಲಿ, ಸರಿಯಾಗಿ ಓದಲು ಬಂದರೆ ನಕಲಿ. ಉಲ್ಟಾ ನ್ಯಾಯ! ಅಸಲಿ ಡಿಸ್ಕ್ ಕೊಂಡವರ ಡ್ರೈವ್ ಪ್ರತಿ ಸಲವೂ ಹಣೆ ಚಚ್ಚಿಕೊಳ್ಳುತ್ತದೆ, ದಿನ ಕಳೆದಂತೆ ಹೆಡ್ ಅಲೈನ್‌ಮೆಂಟ್ ಜರುಗುತ್ತದೆ. ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದ, ಕಾಪಿ ಹಾಕಿದವರ ಡ್ರೈವ್ ಮಾತ್ರ ನೆಮ್ಮದಿಯಾಗಿರುತ್ತದೆ. ದುಡ್ಡು ಕೊಟ್ಟು ಕೊಂಡವರೂ ಕ್ರ್ಯಾಕ್ ಕಾಪಿ ಹುಡುಕಿಕೊಂಡು ಹೋದದ್ದು ಸುಮ್ಮನೆ ಅಲ್ಲ.

ಆಪಲ್ 2ರಲ್ಲಿ?

ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1978ರಲ್ಲಿ ಮಾಡಿದ ಡಿಸ್ಕ್ 2 ಡ್ರೈವ್‌ನಲ್ಲಿ ಹಾರ್ಡ್‌ವೇರ್ ತುಂಬಾ ಕಡಿಮೆ, ಕೆಲಸವೆಲ್ಲಾ ಸಾಫ್ಟ್‌ವೇರ್ ಮೇಲೆ. ಹಾಗಾಗಿ ಗೇಮ್ ಬರೆಯುವವರಿಗೆ ಅದು ಖಾಲಿ ಗದ್ದೆ ಇದ್ದ ಹಾಗೆ, ಬೇಕಾದ್ದು ಬಿತ್ತಬಹುದು. ಪ್ರತಿ ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಶುರುವಿಗೆ ಡಿ5 ಎಎ 96 ಅಂತ ಗುರುತು ಇರಬೇಕು ಅನ್ನುವುದು ಬರೀ ವಾಡಿಕೆ. ಒಂದು ಅಂಕಿ ಬದಲಿಸಿದರೆ ಡಿಸ್ಕ್ ನೋಡಿಕೊಳ್ಳುವ ಆಪಲ್‌ನ ಸಾಮಾನ್ಯ ಡಾಸ್‌ಗೆ ಆ ಡಿಸ್ಕ್ ಖಾಲಿ ತರಹ ಕಾಣುತ್ತದೆ, ಗೇಮ್ ಮಾತ್ರ ತನ್ನ ಗುರುತು ತಾನು ಓದಿಕೊಳ್ಳುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಎರಡು ಟ್ರ್ಯಾಕ್‌ಗಳ ನಡುವಿನ ಜಾಗದಲ್ಲಿ ಬರೆದರು, ಚಕ್ಕುಲಿಯ ಹಾಗೆ ಸುತ್ತುತ್ತಾ ಹೋಗುವ ಟ್ರ್ಯಾಕ್ ಮಾಡಿದರು. ಇದಕ್ಕೆ ಎದುರಾಗಿ ಲಾಕ್‌ಸ್ಮಿತ್, ಕಾಪಿ 2 ಪ್ಲಸ್ ಅನ್ನುವ ಕಾಪಿ ಪ್ರೋಗ್ರಾಮ್‌ಗಳನ್ನು ಅಂಗಡಿಯಲ್ಲೇ ರಾಜಾರೋಷವಾಗಿ ಮಾರುತ್ತಿದ್ದರು, ಬ್ಯಾಕಪ್‌ಗೆ ಅನ್ನುವ ಹೆಸರಲ್ಲಿ.

ಯಾರಿಂದಲೂ ಬೇಗ ಮುರಿಯೋಕೆ ಆಗದೇ ಇದ್ದ ಪ್ರೊಟೆಕ್ಷನ್ ಯಾವುದಾದರೂ ಇದೆಯಾ?

ನನ್ನ ಮತ ಡಂಜನ್ ಮಾಸ್ಟರ್‌ಗೆ. ಎಫ್‌ಟಿಎಲ್ ಕಂಪನಿ 1987ರಲ್ಲಿ ಅಟಾರಿ ಎಸ್‌ಟಿ ಅನ್ನುವ ಕಂಪ್ಯೂಟರ್‌ಗೆ ತಂದದ್ದು. ಇದರ ಡಿಸ್ಕಿನಲ್ಲಿ ಕೆಲವು ಬಿಟ್‌ಗಳನ್ನು 0 ಅಂತಲೂ ಅಲ್ಲ, 1 ಅಂತಲೂ ಅಲ್ಲ, ಎರಡರ ಗಡಿಯಲ್ಲಿ ಬರೆದಿದ್ದರು. ಒಂದು ಸಲ ಓದಿದರೆ ಒಂದು ಉತ್ತರ, ಮತ್ತೊಮ್ಮೆ ಓದಿದರೆ ಇನ್ನೊಂದು. ಮಾಮೂಲಿ ಡ್ರೈವ್‌ಗೆ ಹಾಗೆ ಬರೆಯಲು ಬರುವುದಿಲ್ಲ, ಅದು 0 ಇಲ್ಲವೇ 1 ಅಂತ ಒಂದನ್ನು ಗಟ್ಟಿಯಾಗಿ ಬರೆದುಬಿಡುತ್ತದೆ. ಗೇಮ್ ಆ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಪ್ರತಿ ಸಲವೂ ಒಂದೇ ಉತ್ತರ ಬಂದರೆ? ಸಿಕ್ಕಿಬಿದ್ದಿರಿ. ಪಾಠ ಬಾಯಿಪಾಠ ಮಾಡಿದ ಸಾಕ್ಷಿ ಕೋರ್ಟಿನಲ್ಲಿ ಸಿಕ್ಕಿಬೀಳುವ ರೀತಿ.

ಇಷ್ಟೇ ಆಗಿದ್ದರೆ ಓದುವ ಆ ಒಂದು ಜಾಗವನ್ನು ಕಿತ್ತುಹಾಕಿದರೆ ಆಗುತ್ತಿತ್ತು. ಆದರೆ ಅವರು ತಪಾಸಣೆಗಳನ್ನು ಗೇಮಿನ ಉದ್ದಕ್ಕೂ ಅಲ್ಲಲ್ಲಿ ಹುದುಗಿಸಿದ್ದರು. ಕ್ರ್ಯಾಕ್ ಮಾಡಿದವರು ಆಯ್ತು ಅಂದುಕೊಂಡು ಹಂಚುತ್ತಾರೆ, ಆಡುವವರು ಗಂಟೆಗಟ್ಟಲೆ ಆಡುತ್ತಾರೆ, ಆಮೇಲೆ ಎಲ್ಲೋ ಒಳಗೆ ಗೇಮ್ ಕೈಕೊಡುತ್ತದೆ. ಕ್ರ್ಯಾಕರ್‌ಗೆ ಇಡೀ ಗೇಮನ್ನು ಆಡಿ ಮುಗಿಸದೇ ತಾನು ಗೆದ್ದೆನೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಡಾಂಗಲ್?

ಒಂದು ಚಿಕ್ಕ ಪ್ಲಗ್, ಅದನ್ನು ಹಿಂದೆ ಚುಚ್ಚಿದರೆ ಮಾತ್ರ ಗೇಮ್ ಓಡುತ್ತದೆ. ಕಮೋಡೋರ್ 64ರ ಲೀಡರ್ ಬೋರ್ಡ್ ಗಾಲ್ಫ್ ಗೇಮಿಗೆ ಕ್ಯಾಸೆಟ್ ಪೋರ್ಟಿಗೆ ಹಾಕುವ ಒಂದು ಇತ್ತು. ಖರ್ಚು ಜಾಸ್ತಿ, ಕಳೆದುಹೋಗುವುದು ಸುಲಭ. ಗೇಮ್‌ಗಳಲ್ಲಿ ಇದು ಅಷ್ಟಾಗಿ ನಡೆಯಲಿಲ್ಲ.

ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಅಕ್ಷರ ಬರೆದ ಬಾಟಲಿಗಳ ಕೋಣೆ ಬರುತ್ತಲ್ಲ, ಅದೂ ಇದೇನಾ?

ಹೌದು, ಅದೂ ಇದೇ! ನಮ್ಮಲ್ಲಿ 1990ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದ ಎಷ್ಟೋ ಜನಕ್ಕೆ ಕಾಪಿ ಪ್ರೊಟೆಕ್ಷನ್ ಜೊತೆ ಮೊದಲ ಭೇಟಿ ಆದದ್ದು ಇಲ್ಲೇ, ಅದು ಪ್ರೊಟೆಕ್ಷನ್ ಅಂತ ಗೊತ್ತಿಲ್ಲದೇ. ಜೋರ್ಡನ್ ಮೆಕ್ನರ್ ಬರೆದ, 1989ರಲ್ಲಿ ಬ್ರೋಡರ್‌ಬಂಡ್‌ನಿಂದ ಬಂದ ಗೇಮ್ ಅದು. ಪಿಸಿಯ ಡಾಸ್ ಆವೃತ್ತಿಯಲ್ಲಿ ಮೊದಲ ಲೆವೆಲ್ ಮುಗಿದ ಮೇಲೆ, ಮ್ಯಾನ್ಯುಯಲ್‌ನ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಇರುವ ಬಾಟಲಿಯಿಂದ ಕುಡಿ ಅನ್ನುತ್ತದೆ. ತಪ್ಪು ಬಾಟಲಿ ಕುಡಿದರೆ ರಾಜಕುಮಾರನ ಶಕ್ತಿ ಕುಗ್ಗುತ್ತದೆ, ಮತ್ತೆ ಮತ್ತೆ ತಪ್ಪಿದರೆ ಸಾಯುತ್ತಾನೆ. ನಾನು ಕಲಿಯುತ್ತಿದ್ದ ಕಡೆ ಮ್ಯಾನ್ಯುಯಲ್ ಯಾರೂ ಕಂಡಿರಲಿಲ್ಲ. ಯಾವ ಪುಟಕ್ಕೆ ಯಾವ ಅಕ್ಷರ ಅಂತ ಸತ್ತು ಸತ್ತು ಕಂಡುಹಿಡಿದು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದರು. ನಾವು ಅದನ್ನು ಗೇಮಿನದೇ ಒಂದು ಒಗಟು ಅಂದುಕೊಂಡಿದ್ದೆವು.

ಈ ಜಾತಿಯಲ್ಲಿ ಚೆಂದದವು ತುಂಬಾ ಇವೆ. 1990ರ ಮಂಕಿ ಐಲ್ಯಾಂಡ್ ಜೊತೆ ರಟ್ಟಿನ ಚಕ್ರ ಬರುತ್ತಿತ್ತು, ಒಂದು ಕಡಲ್ಗಳ್ಳನ ಮೂತಿಯ ಮೇಲಿನ ಅರ್ಧಕ್ಕೆ ಇನ್ನೊಬ್ಬನ ಕೆಳಗಿನ ಅರ್ಧ ಹೊಂದಿಸಿದರೆ ಕಿಂಡಿಯಲ್ಲಿ ಒಂದು ಇಸವಿ ಕಾಣುತ್ತದೆ, ಅದನ್ನು ಟೈಪ್ ಮಾಡಬೇಕು. ಸಿಮ್‌ಸಿಟಿ ಕೋಡ್ ಹಾಳೆ ಗಾಢ ಕೆಂಪು, ಜೆರಾಕ್ಸ್ ಮಾಡಿದರೆ ಬರೀ ಕಪ್ಪು. 1986ರ ಸ್ಟಾರ್‌ಫ್ಲೈಟ್‌ನಲ್ಲಿ ತಪ್ಪು ಕೋಡ್ ಕೊಟ್ಟರೂ ಹೊರಡಲು ಬಿಡುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಅಂತರಿಕ್ಷದಲ್ಲಿ ಪೊಲೀಸರು ಬಂದು ಅಡ್ಡಗಟ್ಟುತ್ತಾರೆ. ಈ ಥರದವು ಕನಿಷ್ಠ ಡ್ರೈವ್ ಮುರಿಯುತ್ತಿರಲಿಲ್ಲ, ಬ್ಯಾಕಪ್‌ಗೂ ಅಡ್ಡಿ ಇರಲಿಲ್ಲ. ಆಯ್ಕೆ ಕೊಟ್ಟರೆ ನಾನು ಇದನ್ನೇ ಆರಿಸುತ್ತೇನೆ.

ಇಷ್ಟೆಲ್ಲಾ ಇದ್ದರೂ ಕ್ರ್ಯಾಕ್ ಹೇಗೆ ಮಾಡುತ್ತಿದ್ದರು?

ಗುರುತನ್ನು ಕಾಪಿ ಮಾಡಲು ಕಷ್ಟ ಇರಬಹುದು, ಗುರುತು ಇದೆಯಾ ಅಂತ ಕೇಳುವ ಆ ನಾಲ್ಕು ಸಾಲು ಕೋಡ್ ಮಾತ್ರ ನಿಮ್ಮ ಕಂಪ್ಯೂಟರ್ ಮೆಮೊರಿಯಲ್ಲೇ ಬಂದು ಕೂರಬೇಕು. ಅಲ್ಲಿ ಎಲ್ಲೋ "ಇಲ್ಲದಿದ್ದರೆ ಆಚೆ ಹೋಗು" ಅನ್ನುವ ಒಂದು ಆಜ್ಞೆ ಇರಲೇಬೇಕು. ಅದನ್ನು ಹುಡುಕಿ "ಏನೂ ಮಾಡಬೇಡ" ಅಂತ ತಿದ್ದಿದರೆ ಬಾಗಿಲು ತೆರೆದ ಹಾಗೆ. ಝಡ್80ಯಲ್ಲಿ ಆ ಆಜ್ಞೆಯ ಸಂಖ್ಯೆ ಬರೀ 0. ಹುಡುಕುವುದು ವಾರಗಟ್ಟಲೆ, ತಿದ್ದುವುದು ಎರಡು ನಿಮಿಷ.

ಅಷ್ಟು ತಾಳ್ಮೆ ಇಲ್ಲದವರಿಗೆ ಹಾರ್ಡ್‌ವೇರ್ ಇತ್ತು. ಸ್ಪೆಕ್ಟ್ರಮ್‌ಗೆ ರೊಮ್ಯಾಂಟಿಕ್ ರೋಬೋಟ್ ಕಂಪನಿಯ ಮಲ್ಟಿಫೇಸ್, ಕಮೋಡೋರ್‌ಗೆ ಆಕ್ಷನ್ ರಿಪ್ಲೇ. ಗೇಮ್ ಪೂರ್ತಿ ಲೋಡ್ ಆಗಿ, ಕೋಡ್ ಎಲ್ಲಾ ಸರಿಯಾಗಿ ಕೊಟ್ಟ ಮೇಲೆ ಅದರ ಬಟನ್ ಒತ್ತಿದರೆ ಎಲ್ಲವೂ ಹಾಗೇ ನಿಲ್ಲುತ್ತದೆ, ಮೆಮೊರಿಯಲ್ಲಿ ಇರುವುದೆಲ್ಲಾ ಹೊಸ ಟೇಪಿಗೆ. ಕಾವಲುಗಾರ ಬಾಗಿಲಲ್ಲಿ ನಿಂತಿರುತ್ತಾನೆ, ಇವರು ಇಡೀ ಮನೆಯನ್ನೇ ಎತ್ತಿಕೊಂಡು ಹೋದರು.

ಕ್ರ್ಯಾಕ್ ಗೇಮ್ ಶುರುವಿನಲ್ಲಿ ಹಾಡು, ಓಡುವ ಅಕ್ಷರ ಎಲ್ಲಾ ಯಾಕೆ?

ಸಹಿ ಅದು. ನಾವೇ ಮುರಿದದ್ದು ಅಂತ ಜಂಭ. 1985ರಲ್ಲಿ ನಾರ್ವೆಯಲ್ಲಿ ಶುರುವಾದ ರೇಜರ್ 1911, 1987ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಫೇರ್‌ಲೈಟ್ ತರಹದ ಗುಂಪುಗಳು ಇದನ್ನೇ ಸ್ಪರ್ಧೆ ಮಾಡಿಕೊಂಡವು. ಬರಬರುತ್ತಾ ಗೇಮ್ ಬಿಟ್ಟು ಬರೀ ಆ ಚಿತ್ರ-ಸಂಗೀತವನ್ನೇ ಮಾಡುವ ಡೆಮೊಸೀನ್ ಹುಟ್ಟಿತು. 2020ರಲ್ಲಿ ಫಿನ್‌ಲ್ಯಾಂಡ್ ಅದನ್ನು ತನ್ನ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು. ಎಲ್ಲಿಂದ ಎಲ್ಲಿಗೆ ನೋಡಿ.

ನಾನು ಭಾರತದಲ್ಲಿದ್ದೇನೆ. ಬ್ಯಾಕಪ್ ಮಾಡಿಕೊಳ್ಳುವುದು ತಪ್ಪಾ?

ನಾನು ವಕೀಲ ಅಲ್ಲ, ಕಾಯ್ದೆಯಲ್ಲಿ ಇರುವುದನ್ನು ಹೇಳುತ್ತೇನೆ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಪ್ರೋಗ್ರಾಮ್‌ನ ಕಾಪಿ ಕಾನೂನುಬದ್ಧವಾಗಿ ಕೈಯಲ್ಲಿರುವವರು ಹಾಳಾದರೆ ಇರಲಿ ಅಂತ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು. 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಬಂತು: ಕಾಪಿರೈಟ್ ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಳೇ ಗೇಮ್ ತಾನೇ, ಯಾರೂ ಮಾರುತ್ತಿಲ್ಲ ತಾನೇ ಅನ್ನುವುದು ಕಾನೂನಿನ ಮುಂದೆ ಉತ್ತರ ಅಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ.

ಒಂದೇ ಗೇಮಿಗೆ ಇಷ್ಟೊಂದು ಥರ ಫೈಲ್ ಯಾಕೆ? ಯಾವುದು ತಗೊಳ್ಳಬೇಕು?

ಕಾರಣ ಇದೇ ಪ್ರೊಟೆಕ್ಷನ್. ಸ್ಪೆಕ್ಟ್ರಮ್‌ನ ಟ್ಯಾಪ್ ಫೈಲಿನಲ್ಲಿ ಬರೀ ಡೇಟಾ ಇರುತ್ತದೆ, ಅಲೆಗಳ ಅಳತೆ ಇರುವುದಿಲ್ಲ, ಹಾಗಾಗಿ ಸ್ಪೀಡ್‌ಲಾಕ್ ಅದರಲ್ಲಿ ಹಿಡಿಸುವುದಿಲ್ಲ. ಅಲೆಗಳನ್ನೂ ಅಳೆದು ಇಡಲು ಟಿಝಡ್‌ಎಕ್ಸ್ ಬಂತು. ಕಮೋಡೋರ್‌ನ ಡಿ64 ಬರೀ ಬ್ಲಾಕ್‌ಗಳು, ಜಿ64 ಅಂದರೆ ಟ್ರ್ಯಾಕಿನ ಮೇಲೆ ಇದ್ದದ್ದು ಇದ್ದ ಹಾಗೆ. ಆಪಲ್ 2ಕ್ಕೆ ಡಿಎಸ್‌ಕೆ ಮತ್ತು ವೋಜ್, ಅಟಾರಿಗೆ ಎಸ್‌ಟಿ ಮತ್ತು ಎಸ್‌ಟಿಎಕ್ಸ್. ಪ್ರತಿ ಜೋಡಿಯಲ್ಲೂ ಮೊದಲನೆಯದರಲ್ಲಿ ಸಿಗುವುದು ಹೆಚ್ಚಾಗಿ ಕ್ರ್ಯಾಕ್ ಆದ ಗೇಮ್, ಎರಡನೆಯದರಲ್ಲಿ ಬೀಗ ಸಮೇತ ಅಸಲಿ. ಸುಮ್ನೆ ಆಡಿ ನೋಡಲು ಮೊದಲನೆಯದು ಸಾಕು. ಆದರೆ ಕ್ರ್ಯಾಕ್ ಮಾಡುವಾಗ ಜಾಗ ಉಳಿಸಲು ಟೈಟಲ್ ಚಿತ್ರ, ಸಂಗೀತ ಕತ್ತರಿಸಿರುವುದೂ ಉಂಟು.

ಅಟ್ಟದಲ್ಲಿ ಹಳೇ ಗೇಮ್ ಕ್ಯಾಸೆಟ್, ಫ್ಲಾಪಿ ಸಿಕ್ಕಿದೆ. ಏನು ಮಾಡಲಿ?

ತಕ್ಷಣ ಡ್ರೈವ್‌ಗೆ ಹಾಕಬೇಡಿ. ಕ್ಯಾಸೆಟ್ ಆದರೆ ಹಿಂಬದಿಯ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಮುರಿದಿವೆಯಾ ನೋಡಿ, ಇಲ್ಲದಿದ್ದರೆ ಮುರಿದುಬಿಡಿ, ಅಪ್ಪಿತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸುವುದಿಲ್ಲ. ಐದೂಕಾಲು ಇಂಚಿನ ಫ್ಲಾಪಿ ಆದರೆ ಪಕ್ಕದ ಕಚ್ಚಿಗೆ ಸ್ಟಿಕರ್ ಅಂಟಿಸಿ. ಮಲೆನಾಡಿನ ಮನೆಯಾದರೆ ಬೂಷ್ಟು ಹಿಡಿದಿರುವ ಸಾಧ್ಯತೆ ಜಾಸ್ತಿ, ಬೆಳಕಿಗೆ ಹಿಡಿದು ಮೇಲ್ಮೈ ನೋಡಿ, ಬೂಷ್ಟು ಇರುವ ಒಂದು ಡಿಸ್ಕ್ ಹೆಡ್ಡಿಗೆ ಮೆತ್ತಿದರೆ ಮುಂದಿನ ಡಿಸ್ಕ್‌ಗಳನ್ನೂ ಗೀರಿ ಹಾಕುತ್ತದೆ. ಓದಿಸುವಾಗ ಕ್ರಯೋಫ್ಲಕ್ಸ್ ಅಥವಾ ಗ್ರೀಸ್‌ವೀಝಲ್ ತರಹದ ಬೋರ್ಡ್ ಬಳಸಿ. ಅವು ಸೆಕ್ಟರ್ ಓದುವುದಿಲ್ಲ, ಅಯಸ್ಕಾಂತದ ಏರಿಳಿತವನ್ನೇ ಅಳೆದು ಇಡುತ್ತವೆ, ಬೇಕೆಂದೇ ಬರೆದ ತಪ್ಪೂ ಅದರಲ್ಲಿ ಬರುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆಯೊಳಗಿನ ಕಾರ್ಡ್, ರಟ್ಟಿನ ಚಕ್ರ, ಕೆಂಪು ಹಾಳೆ ಎಲ್ಲವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಚಕ್ರವನ್ನು ನಡುವಿನ ರಿವೆಟ್ ಕಿತ್ತು ಬಿಡಿಸಬೇಡಿ, ಒಂದೊಂದೇ ಹಲ್ಲು ತಿರುಗಿಸುತ್ತಾ ಫೋಟೋ ತೆಗೆಯಿರಿ. ಮೂಲೆಯಲ್ಲಿ ಏನೋ ಒಡೆದ ಪ್ಲಾಸ್ಟಿಕ್ ಚೂರು, ಗೆರೆಗೆರೆಯಾಗಿದೆ ಅಂತ ಕಸಕ್ಕೆ ಹಾಕುವ ಮೊದಲು ಒಮ್ಮೆ ಕಣ್ಣಿಗೆ ಹಿಡಿದು ನೋಡಿ.